ಮೆತಾ—ವೊಲೀ

ಜುಲೈ ತಿಂಗಳ ಬಿಸಿಲಲ್ಲೂ ಸ್ತಮಾತಿಯಾಳ ಪಾದಗಳು ತಣ್ಣಗಿರುತ್ತಿದ್ದವು. ಉಣ್ಣೆಯ ಕಾಲುಚೀಲ ಬಿಚ್ಚಿದವಳೇ ಅಲ್ಲ. ಉಂಡದ್ದು ಮೈಯಲ್ಲಿ ಗುಡ್ಡೆ ಬೀಳುತ್ತಿತ್ತೇ ಹೊರತು ಕಸುವಾಗುತ್ತಿರಲಿಲ್ಲ.

ಪೇಟೆಯಿಂದ ಬೆಟ್ಟದೂರಿಗೆ ಬಂದ ಡಾಕ್ಟರು ನಾಡಿ ಹಿಡಿದು, "ನಿಮ್ಮ ಮೆತವೊಲಿಸ್ಮೋಸ್, ಅಂದ್ರೆ ಉಂಡದ್ದು ಕಸುವಾಗೋ ಕ್ರಿಯೆ, ನಿಧಾನ ಆಗಿದೆ, ಅಮ್ಮ" ಎಂದರು. ಗಂಡ ಸ್ತೆರ್ಗಿಯೋಸನ ಕಿವಿ ನೆಟ್ಟಗಾಯಿತು. ಅವನು ಗ್ರೀಕ್ ಸೈನ್ಯದಲ್ಲಿ ಹುಡುಗರಿಗೆ ಕವಾಯತು ಕಲಿಸಿಯೇ ತಲೆ ನರೆದ ಸಾರ್ಜೆಂಟ್. ಅಲ್ಲಿ "ಮೆತಾ—ವೊಲೀ" ಎಂದರೆ "ಹಿಂದೆ ತಿರುಗು". ಅದೂ ಇದೂ ಒಂದೇನಾ ಎಂದು ಕೇಳಿದ. ಬೇರು ಒಂದೇ ಎಂದು ಡಾಕ್ಟರು ನಕ್ಕರು. ವೊಲೀ ಎಂದರೆ ಎಸೆತ, ಮೆತಾ ಎಂದರೆ ಆಚೆಗೆ; ಇದ್ದದ್ದನ್ನು ಮಗುಚಿ ಬೇರೆ ಮಾಡುವುದು. ಸಿಪಾಯಿ ಮುಖ ತಿರುಗಿಸುತ್ತಾನೆ, ದೇಹ ರೊಟ್ಟಿಯನ್ನು ಕಾವಾಗಿ ತಿರುಗಿಸುತ್ತದೆ. ಗುಳಿಗೆ ಬರೆದುಕೊಟ್ಟು, ಸ್ವಲ್ಪ ಅಡ್ಡಾಡಲಿ ಎಂದು ಹೇಳಿ ಹೋದರು. ಆ ಪುಣ್ಯಾತ್ಮ ಬೇರಿನ ಮಾತು ಎತ್ತದೇ ಹೋಗಿದ್ದರೆ ಏನು ಗಂಟು ಹೋಗುತ್ತಿತ್ತೋ!

ಮರುದಿನದಿಂದ ಅಂಗಳದಲ್ಲಿ ಕವಾಯತು ಶುರು. ಅಂಜೂರದ ಮರದಿಂದ ಕಬ್ಬಿಣದ ಗೇಟಿಗೆ ನಡೆಯಬೇಕು. ಗೇಟು ಮುಟ್ಟುತ್ತಲೇ ಹಿಂದಿನಿಂದ ಗಂಡನ "ಮೆತಾ—ವೊಲೀ" ಅಪ್ಪಣೆ, ಇವಳು ಹಿಮ್ಮಡಿಯ ಮೇಲೆ ಹೊರಳಿ ಮತ್ತೆ ಮರದ ಕಡೆಗೆ. ಗೇಟಿಗೆ ಬೀಗ, ಕೀಲಿ ಅವನ ಜೇಬಿನಲ್ಲಿ. ಹೊರಗೆ ಹೋದರೆ ದಣಿಯುತ್ತಾಳೆಂಬುದು ನೆಪ. ಮಗಳು ಫೋತಿನಿ ಅಪ್ಪನನ್ನು ಕೇಳದೆ ಲಾರಿ ಡ್ರೈವರನನ್ನು ಮದುವೆಯಾಗಿ ಕೆಳಗಿನ ಪೇಟೆಯಲ್ಲಿದ್ದಳು. ಹೆಂಡತಿ ಆ ದಾರಿ ಹಿಡಿಯಬಾರದು, ಅಷ್ಟೇ ಕಾರಣ. ಗಾಣದ ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ. ಇವಳಿಗೆ ಬಂದದ್ದು ಮಂಡಿನೋವು.

ಒಂದು ಶನಿವಾರ ಪಕ್ಕದ ಮನೆಯ ಕಲ್ಯೋಪಿ ಗೋಡೆಯ ಮೇಲಿಂದ ಇಣುಕಿದಳು. ನಾಳೆ ಫೋತಿನಿಯ ಮಗಳಿಗೆ ಚರ್ಚಿನಲ್ಲಿ ನಾಮಕರಣವಂತೆ.

"ನಿನ್ನ ಹೆಸರೇ ಇಡ್ತಾರಂತೆ ಕಣೇ. ಪುಣ್ಯ ಮಾಡಿದ್ದೆ ಬಿಡು."

ಸ್ತಮಾತಿಯಾಳಿಗೆ ಅದು ಪುಣ್ಯವಾಗಿ ಕಾಣಲಿಲ್ಲ. ಆ ಹೆಸರಿನ ಅರ್ಥವೇ 'ನಿಲ್ಲು'. ಸಾಲಾಗಿ ಹೆಣ್ಣು ಹುಟ್ಟಿದಾಗ, ಇನ್ನಾದರೂ ನಿಲ್ಲಲಿ ಎಂದು ಅವಳಪ್ಪ ಇಟ್ಟದ್ದು. ಕನ್ನಡನಾಡಿನ ಸಾಕಮ್ಮಂದಿರ ಪಾಡೇ. ಹೆಸರಿಗೆ ತಕ್ಕಂತೆ ಬದುಕಿಡೀ ನಿಂತಲ್ಲೇ ನಿಂತಿದ್ದಳು. ಈಗ ಆ ಹಸುಗೂಸಿನ ಕೊರಳಿಗೂ ಅದನ್ನೇ ಕಟ್ಟುವುದೇ? ಕಲ್ಯೋಪಿಯ ಕೈಲಿ ಬೇಡವೆಂದು ಹೇಳಿಕಳಿಸಿದರೆ, ಅಮ್ಮನಿಗೂ ಅಪ್ಪನ ಮುನಿಸೇ ಎಂದು ಮಗಳು ತಿಳಿದಾಳು. ತಾನೇ ಹೋಗಬೇಕು. ಪಾದ್ರಿಯ ಮುಂದೆ ಹೆಸರು ಬಾಯಿಂದ ಬಿದ್ದಮೇಲೆ ತಿದ್ದುವಂತಿಲ್ಲ.

ಭಾನುವಾರ ಕಪ್ಪು ಉಡುಪು ತೊಟ್ಟು ಗಂಡನೆದುರು ನಿಂತಳು. "ಗೇಟು ತೆಗಿ. ಕೂಸಿನ ಮುಖ ನೋಡ್ಕೊಂಡು ಬರ್ತೀನಿ."

"ಆ ಹೊಸ್ತಿಲು ತುಳಿದ್ರೆ ಈ ಹೊಸ್ತಿಲು ಮರೆತುಬಿಡು" ಎಂದವನೇ ಪೇಪರು ಬಿಡಿಸಿ ಕೂತ. ಇವಳು ಮರದಡಿ ಕುಸಿದಳು. ಕೆಳಗಿಳಿಯುವ ಬಸ್ಸು ಗೇಟಿನೆದುರೇ ಬಂದು ನಿಂತಿತು.

ಅಷ್ಟರಲ್ಲಿ ರೊಟ್ಟಿಯವನು ಕೂಗಿದ. ಸ್ತೆರ್ಗಿಯೋಸ್ ಬೀಗ ತೆಗೆದು ಎರಡೂ ಕೈಯಲ್ಲಿ ಬಿಸಿ ರೊಟ್ಟಿ ಹಿಡಿದುಕೊಂಡ. ಇವಳಿಗೆ ಎಲ್ಲಿಂದ ಧೈರ್ಯ ಬಂತೋ, ಅವನ ಪಕ್ಕದಿಂದ ನುಸುಳಿ ರಸ್ತೆಗೆ ಬಿದ್ದಳು.

"ಮೆತಾ—ವೊಲೀ!"

ಹಾಳಾದ ಕಾಲು, ಕಲಿತದ್ದನ್ನು ಬಿಟ್ಟೀತೇ? ಹಿಮ್ಮಡಿ ತಾನಾಗಿ ಹೊರಳಿತು. ಮತ್ತೆ ಅದೇ ಗೇಟು, ಅದೇ ಮರ, ಗೇಟಿನಲ್ಲಿ ಅದೇ ಗಂಡ. ಆಗ ಅವಳು ಹೊಟ್ಟೆಯಿಂದ ಉಸಿರೆಳೆದು, ಅವನದೇ ರಾಗದಲ್ಲಿ, ಊರಿಗೇ ಕೇಳುವಂತೆ ಕೂಗಿದಳು: "ಮೆತಾ—ವೊಲೀ!"

ಮೂವತ್ತು ವರ್ಷ ಸೈನ್ಯದ ಅನ್ನ ಉಂಡ ಬೆನ್ನು ನೆಟ್ಟಗಾಯಿತು. ಹಿಮ್ಮಡಿಗಳು ಟಕ್ಕೆಂದವು. ರೊಟ್ಟಿ ಹಿಡಿದುಕೊಂಡೇ ಸಾರ್ಜೆಂಟ್ ಸಾಹೇಬರು ಹೊರಳಿ, ರಸ್ತೆಗೆ ಬೆನ್ನು ಹಾಕಿ, ಅಂಜೂರದ ಮರವನ್ನು ದಿಟ್ಟಿಸುತ್ತ ನಿಂತರು. ಏನಾಯಿತೆಂದು ಹೊಳೆಯುವಷ್ಟರಲ್ಲಿ ಅವಳನ್ನು ಹತ್ತಿಸಿಕೊಂಡು ಬಸ್ಸು ಹೊರಟಿತ್ತು.

ಇಳಿಜಾರಿನಲ್ಲಿ ಅವಳ ಪಾದಗಳು ಬೆವತವು. ಬಗ್ಗಿ ಕಾಲುಚೀಲ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

ಚರ್ಚಿನಲ್ಲಿ ಪಾದ್ರಿ ಹೆಸರು ಕೇಳಿ ಆಗಿತ್ತು. ಕೂಸನ್ನು ಎತ್ತಿಕೊಂಡಿದ್ದ ಧರ್ಮತಾಯಿ ಹೆಸರು ಹೇಳಲು ಇನ್ನೇನು ಬಾಯಿ ತೆರೆಯಬೇಕು, ಬಾಗಿಲಿಂದ ಏದುಸಿರಿನ ದನಿ ಬಂತು.

"ನನ್ನ ಹೆಸರು ಬೇಡ, ಮಗಳೇ. ಕೂಸು ನಿಲ್ಲೋದು ಬೇಡ, ನಡೀಲಿ."