ಕೊರಳಲ್ಲಿದ್ದ ಮೈಕು

ಆ ಹುಡುಗಿ ಒಂಬತ್ತನೆಯ ತರಗತಿಗೆ ನಮ್ಮ ಶಾಲೆಗೆ ಬಂದಾಗ ಅವಳ ಎರಡೂ ಕಿವಿಗಳ ಹಿಂದೆ ಹುಣಸೆಬೀಜದ ಬಣ್ಣದ ಶ್ರವಣಯಂತ್ರಗಳಿದ್ದವು. ಅವಳ ಊರು ಹೊಳೆಮಣ್ಣೂರು. ಮಲಪ್ರಭೆ ಮನೆಯೊಳಕ್ಕೆ ನುಗ್ಗಿದ ವರ್ಷ ಅವಳನ್ನು ತಾಯಿಯ ತವರಿಗೆ, ಅಜ್ಜಿಯ ಹತ್ತಿರ ತಂದುಬಿಟ್ಟಿದ್ದರು. ಅಪ್ಪ ಅವ್ವ ಹೊಲ ನೋಡಿಕೊಂಡು ಅಲ್ಲೇ ಉಳಿದಿದ್ದರು. ಶಾಲೆ ರೋಣ ತಾಲೂಕಿನ ಒಂದು ಹಳ್ಳಿಯದು, ಹೆಸರು ಬೇಡ. ನಾನು ನರಗುಂದದಿಂದ ದಿನಾ ಬಸ್ಸು ಹಿಡಿದು ಯಾವಗಲ್ ದಾಟಿ ಅಲ್ಲಿಗೆ ಹೋಗಿಬರುತ್ತಿದ್ದೆ. ಕಲಿಸುತ್ತಿದ್ದುದು ಕನ್ನಡ. ಆ ತರಗತಿಯ ಜವಾಬ್ದಾರಿಯೂ ನನ್ನದೇ.

ಮೊದಲ ವಾರ ಉಕ್ತಲೇಖನ ಕೊಟ್ಟೆ. ಅವಳು ‘ಸಂಜೆ’ ಅನ್ನುವುದನ್ನು ‘ಅಂಜೆ’ ಎಂದು ಬರೆದಿದ್ದಳು. ‘ಶಾಲೆ’ ‘ಆಲೆ’ಯಾಗಿತ್ತು. ಗಮನವಿಲ್ಲದ ಹುಡುಗಿ ಎಂದುಕೊಂಡು ಪುಟದ ತುಂಬ ಕೆಂಪು ಶಾಯಿ ಹಾಕಿದೆ. ಅವಳಿಗೆ ಆ ಅಕ್ಷರಗಳು ಹುಟ್ಟಿದಂದಿನಿಂದ ಕೇಳಿಯೇ ಇಲ್ಲವೆಂಬುದು ಆಗ ನನಗೆ ತಿಳಿಯಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಹಲಗೆಯ ಕಡೆ ತಿರುಗಿದ ಕೂಡಲೇ ಅವಳ ಪಾಲಿನ ಪಾಠ ನಿಂತುಹೋಗುತ್ತಿತ್ತು. ಇದನ್ನು ಅರಿಯಲು ನನಗೆ ಎರಡು ತಿಂಗಳು ಬೇಕಾದವು.

ದಸರಾ ರಜೆಗೆ ಮೊದಲು ತಾಲೂಕಿನ ಶಿಕ್ಷಣ ಕಚೇರಿಯಿಂದ ಒಂದು ಪುಟ್ಟ ಪೆಟ್ಟಿಗೆ ಬಂತು. ಅದರಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ, ಅದಕ್ಕೊಂದು ಕೊರಳದಾರ, ಸೆರಗಿಗೆ ಸಿಗಿಸಿಕೊಳ್ಳುವ ಮೈಕು. ಅದನ್ನು ಶಿಕ್ಷಕರು ಹಾಕಿಕೊಳ್ಳಬೇಕು. ಹುಡುಗಿಯ ಶ್ರವಣಯಂತ್ರಕ್ಕೆ ಎರಡು ಸಣ್ಣ ತುಂಡುಗಳನ್ನು ಜೋಡಿಸಬೇಕು. ಆಗ ತರಗತಿಯ ಗದ್ದಲ ಹಿಂದೆ ಸರಿದು ಶಿಕ್ಷಕರ ಮಾತು ನೇರವಾಗಿ ಅವಳ ಕಿವಿಗೆ ಹೋಗುತ್ತದೆ. ಇದನ್ನು ಬಳಸುವುದು ಹೇಗೆಂದು ಗದಗಿನಲ್ಲಿ ಒಂದು ದಿನದ ತರಬೇತಿ ಇತ್ತು. ಕೊನೆಯ ತಾಸು ನಾನು ಬಸ್ಸು ತಪ್ಪೀತೆಂದು ಎದ್ದು ಬಂದೆ.

ಮೊದಲ ದಿನ ಅದನ್ನು ಕೊರಳಿಗೆ ಹಾಕಿಕೊಂಡು, ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತು, ಸಣ್ಣ ದನಿಯಲ್ಲಿ “ಸಂಜೆ” ಅಂದೆ. ನನಗೆ ಬೆನ್ನು ಮಾಡಿ ಕೂತಿದ್ದವಳು ಸರಕ್ಕನೆ ತಿರುಗಿದಳು.

“ಇನ್ನೊಮ್ಮೆ ಅನ್ರಿ.”

“ಸಂಜೆ.”

“ಅದರ ಮೊದಲಿಗೆ ಗಾಳಿ ಬೀಸಿದಂಗ ಒಂದು ಸಪ್ಪಳ ಐತ್ರಿ. ನನಗ ಗೊತ್ತ ಇರಲಿಲ್ರಿ ಅದು.”

ಅವಳ ಮಾತನ್ನು ನಾನಿಲ್ಲಿ ತಿದ್ದಿ ಬರೆಯುತ್ತಿದ್ದೇನೆ. ಅವಳ ಬಾಯಲ್ಲಿ ವ್ಯಂಜನಗಳಲ್ಲಿ ಅರ್ಧದಷ್ಟು ಇರುತ್ತಲೇ ಇರಲಿಲ್ಲ. ಆ ದಿನ ಮಾತ್ರ ಪ್ರತಿಯೊಂದು ಮಾತೂ ನನಗೆ ಅರ್ಥವಾಯಿತು, ಯಾಕೆಂದರೆ ನಾನು ಕಿವಿಗೊಟ್ಟು ಕೇಳುತ್ತಿದ್ದೆ.

ಅಲ್ಲಿಂದ ಅವಳು ಮಾತಾಡತೊಡಗಿದಳು. ಅದುವರೆಗೆ ಶಾಲೆಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ, ಬಾಯಿ ತೆರೆದರೆ ಉಳಿದವರು ನಗುತ್ತಿದ್ದರು. ಈಗ ಪಾಠ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ನಿಂತು ಹೇಳಿದ್ದೇ ಹೇಳಿದ್ದು. ಹೊಳೆಯ ಮಾತು, ಅಜ್ಜಿಯ ಮಾತು, ಶ್ರವಣಯಂತ್ರದಲ್ಲಿ ನನ್ನ ಬಳೆಗಳ ಸದ್ದು ಹೇಗೆ ಕೇಳುತ್ತದೆ ಅನ್ನುವ ಮಾತು. ಅರ್ಧ ನನಗೆ ತಿಳಿಯುತ್ತಿರಲಿಲ್ಲ. ಮತ್ತೆ ಮತ್ತೆ ಏನೆಂದು ಕೇಳಲು ಸಂಕೋಚ, ಬಸ್ಸಿನ ಅವಸರ ಬೇರೆ. “ಹೌದಾ? ಚಲೋ ಆತು” ಅನ್ನುತ್ತಿದ್ದೆ. ಒಮ್ಮೆ ಹಾಗೇ ನಕ್ಕು “ಚಲೋ ಆತು” ಅಂದಾಗ ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಪಕ್ಕದ ಬೆಂಚಿನ ಹುಡುಗಿ ಹೇಳಿದಳು, “ಟೀಚರ್, ಅವರ ಎಮ್ಮಿ ಕರಾ ಹೊಳ್ಯಾಗ ತೇಲಿ ಹೋಗಿದ್ದನ್ನ ಹೇಳಿದ್ಲರಿ ಆಕಿ.” ಮರುದಿನ ನಾನು ಅದರ ಬಗ್ಗೆ ಏನೂ ಅನ್ನಲಿಲ್ಲ. ಅವಳು ಮಾತ್ರ ನನ್ನೊಡನೆ ಮಾತಾಡುವುದನ್ನು ಬಿಡಲಿಲ್ಲ.

ಇನ್ನು ನನ್ನ ಕಡೆಯದನ್ನೂ ಹೇಳಬೇಕು. ಬಳೆ ಮೈಕಿಗೆ ತಾಗಿ ಅವಳ ಕಿವಿಯಲ್ಲಿ ಸಿಡಿಲು ಹೊಡೆದಂತಾಗುತ್ತದೆ ಎಂದು ನಾನು ಬಲಗೈಯ ಗಾಜಿನ ಬಳೆ ತೆಗೆದಿಟ್ಟೆ. ಮನೆಯಲ್ಲಿ ಅತ್ತೆ ಮುಖ ಸಿಂಡರಿಸಿದರು. “ಬೋಳಗೈಲೆ ಹೊಂಟೀಯಲ್ಲ, ಯಾರಿಗೆ ಬೇಕಾಗೇತಿ ಇದು?” ಶಾಲೆಯಲ್ಲಿ ಕರೆಂಟು ನೆಚ್ಚುವಂತಿರಲಿಲ್ಲ. ಯಂತ್ರವನ್ನು ನರಗುಂದಕ್ಕೆ ಒಯ್ದು ಚಾರ್ಜು ಮಾಡಿ ತರುತ್ತಿದ್ದೆ. ಉಳಿದ ಶಿಕ್ಷಕರು ಅದನ್ನು ಮುಟ್ಟಲಿಲ್ಲ. ಗಣಿತದ ಮೇಷ್ಟ್ರು ನಗುತ್ತಲೇ, “ಅದನ್ನ ಕೊರಳಾಗ ಹಾಕ್ಕೊಂಡ್ರ ದನದ ಗಂಟಿ ಕಟ್ಕೊಂಡಂಗ ಕಾಣತೈತ್ರಿ” ಅಂದುಬಿಟ್ಟರು. ಹೀಗಾಗಿ ಅವಳ ಎಲ್ಲ ವಿಷಯಗಳ ಹೊಣೆಯೂ ನನ್ನ ಮೇಲೇ ಬಿತ್ತು. ಇಂಗ್ಲಿಷಿನಲ್ಲಿ ಯಾಕೆ ಕಡಿಮೆ, ವಿಜ್ಞಾನದಲ್ಲಿ ಯಾಕೆ ಕಡಿಮೆ ಎಂದು ಮುಖ್ಯೋಪಾಧ್ಯಾಯರು ಕೇಳುತ್ತಿದ್ದುದು ನನ್ನನ್ನೇ.

ಹಿಂಗಾರಿಯ ಕಡಲೆ ಹೂಬಿಟ್ಟಿದ್ದ ದಿನಗಳು. ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಎಲ್ಲರ ತಲೆ ಬಿಸಿಯಾಗಿತ್ತು. ಮೂರನೆಯ ಪಿರಿಯಡ್ಡಿನ ನಡುವೆ ಮುಖ್ಯೋಪಾಧ್ಯಾಯರು ಕರೆದರೆಂದು ಮಕ್ಕಳಿಗೆ ಓದಿಕೊಳ್ಳಲು ಹೇಳಿ ಶಿಕ್ಷಕರ ಕೋಣೆಗೆ ಹೋದೆ. ತರಗತಿಗೂ ಆ ಕೋಣೆಗೂ ನಡುವೆ ಒಂದೇ ಒಂದು ಕೋಣೆ. ಗಣಿತದ ಮೇಷ್ಟ್ರೂ ಅಲ್ಲಿದ್ದರು.

“ಆ ಹುಡುಗಿ ಸಲುವಾಗಿ ಏನೇನ್ ಮಾಡೀರಿ, ಒಂದು ವರದಿ ಬರೀರಿ,” ಎಂದರು ಮುಖ್ಯೋಪಾಧ್ಯಾಯರು. “ಫೋಟೋನೂ ಹಚ್ರಿ.”

ನನಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಹೊರಬಂತು.

“ಸಾಕಾಗೇತ್ರಿ ಸರ್ ನನಗ. ಒಬ್ಬಾಕಿ ಸಲುವಾಗಿ ನಲವತ್ತು ಮಂದಿನ್ನ ಕೈ ಬಿಟ್ಟಂಗ ಆಗೇತಿ. ಇಷ್ಟ ಮಾಡಿದ್ರೂ ಆಕಿ ಏನ್ ದೊಡ್ಡ ಆಫೀಸರ್ ಆಗ್ತಾಳೇನು? ನಾಳೆ ಲಗ್ನಾ ಮಾಡಿ ಕಳಸ್ತಾರ. ಆಕಿ ಮಾತಾಡೂದು ಖರೇನ ನನಗ ತಿಳಿಯೂದಿಲ್ಲ. ಸುಮ್ಮ ಹೂಂ ಅಂತೀನಿ, ಲಗೂ ಮುಗಿಸಲಿ ಅಂತ. ಈ ಡಬ್ಬಿ ಒಂದು ಕೆಟ್ಟು ಹೋದ್ರ ನನಗೂ ಬಿಡುಗಡಿ ಆಕ್ಕೈತಿ.”

ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಸಿಟ್ಟು ಇಳಿದು ಹಗುರಾಗಿದ್ದೆ. ವರದಿಯ ಹಾಳೆ ತೆಗೆದುಕೊಂಡು ತರಗತಿಗೆ ಮರಳಿದೆ.

ಅವಳು ಎರಡೂ ಕಿವಿಗಳಿಂದ ಆ ಸಣ್ಣ ತುಂಡುಗಳನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟಿದ್ದಳು. ಏನಾಯಿತೆಂದು ಕೈಸನ್ನೆ ಮಾಡಿ ಕೇಳಿದೆ.

“ಕೆಟ್ಟೈತ್ರಿ,” ಅಂದಳು.

ಅದು ಅವಳು ನನ್ನೊಡನೆ ಬಾಯಿಬಿಟ್ಟು ಆಡಿದ ಕೊನೆಯ ಮಾತು. ಆಗ ನನಗಾದದ್ದು ಸಮಾಧಾನ. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಹಾಗೆ. ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕಪಾಟಿಗೆ ಸೇರಿಸಿದೆ. ಕೆಟ್ಟಿದೆ, ರಿಪೇರಿ ಆಗಬೇಕು ಎಂದು ತಾಲೂಕಿಗೆ ಒಂದು ಪತ್ರ ಹಾಕಿದೆ. ಮರುದಿನ ಬಲಗೈಗೆ ಹಸಿರು ಬಳೆ ಏರಿಸಿಕೊಂಡು ಶಾಲೆಗೆ ಬಂದೆ.

ಅವಳು ಮತ್ತೆ ತುಟಿ ನೋಡುವ ಹುಡುಗಿಯಾದಳು. ಆಮೇಲಾಮೇಲೆ ಅದನ್ನೂ ಬಿಟ್ಟು ಕಿಟಕಿಯಾಚೆ ನೋಡುತ್ತಿದ್ದಳು. ಮೇಜಿನ ಹತ್ತಿರ ಬರುವುದು ನಿಂತಿತು. ವಯಸ್ಸಿಗೆ ಬಂದ ಹುಡುಗಿ, ಹೀಗೇ ಇರುತ್ತಾರೆ ಎಂದುಕೊಂಡೆ.

ರಿಪೇರಿಗೆ ಯಾರೋ ಬಂದದ್ದು ನಾಲ್ಕು ತಿಂಗಳ ಮೇಲೆ. ಬಂದವರು ಇಂಥ ಮಕ್ಕಳಿರುವ ಶಾಲೆಗಳನ್ನು ಸುತ್ತುವ ವಿಶೇಷ ಶಿಕ್ಷಕಿ, ನನ್ನದೇ ವಯಸ್ಸಿನವರು. ಯಂತ್ರವನ್ನು ತಿರುವಿ ನೋಡಿ, ಚಾರ್ಜಿಗೆ ಹಾಕಿ, ತಮ್ಮ ಕಿವಿಗೆ ಒಂದು ವೈರು ಹಚ್ಚಿಕೊಂಡರು.

“ಏನೂ ಆಗಿಲ್ಲಲ್ರಿ ಇದಕ್ಕ. ಒಂದು ಕೆಲಸ ಮಾಡ್ರಿ, ಮೈಕ್ ಹಾಕ್ಕೊಂಡು ನಿಮ್ಮ ಸ್ಟಾಫ್ ರೂಮಿಗೆ ಹೋಗಿ ಏನರ ಮಾತಾಡ್ರಿ. ನಾ ಇಲ್ಲೇ ಕ್ಲಾಸಿನಾಗ ಕೂಡ್ತೀನಿ.”

ನಾನು ಹೋಗಿ, ಖಾಲಿ ಕೋಣೆಯಲ್ಲಿ ನಿಂತು, ಇವತ್ತು ಬಸ್ಸು ತಡವಾಯಿತು, ಯಾವಗಲ್ಲಿನಲ್ಲಿ ಟ್ರ್ಯಾಕ್ಟರು ಅಡ್ಡ ನಿಂತಿತ್ತು ಎಂದು ಬಾಯಿಗೆ ಬಂದದ್ದು ಅಂದೆ. ಮರಳಿದಾಗ ಅವರು ನಗುತ್ತಾ, “ಟ್ರ್ಯಾಕ್ಟರ್ ತೆಗದ್ರೇನ್ರಿ ಆಮ್ಯಾಲೆ?” ಅಂದರು.

ನಾನು ಮೈಕನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟೆ.

“ಗ್ವಾಡಿ ಅಡ್ಡ ಇದ್ರೂ ಕೇಳಸ್ತೈತ್ರಿ ಇದರಾಗ. ಅದಕ್ಕ ಕ್ಲಾಸಿನಿಂದ ಹೊರಗ ಬರೂ ಮುಂದ ಆರಿಸಬೇಕು. ಟ್ರೇನಿಂಗಿನಾಗ ಕಡೀಕ ಹೇಳಿದ್ವಲ್ಲ?”

ಅವರು ಹೋದ ಮೇಲೆ, ಅವತ್ತು ಮೈಕನ್ನು ಕೊರಳಲ್ಲೇ ಇಟ್ಟುಕೊಂಡು ಶಿಕ್ಷಕರ ಕೋಣೆಗೆ ಹೋಗಿದ್ದು ನೆನಪಾಯಿತು. ನಾನಂದ ಒಂದೊಂದು ಮಾತೂ ನೆನಪಾಯಿತು, ನಕ್ಕದ್ದೂ ನೆನಪಾಯಿತು. ಅವಳಿಗೆ ನನ್ನ ಬಾಯಿಂದ ಅಷ್ಟು ಸ್ಪಷ್ಟವಾಗಿ, ಒಂದಕ್ಷರವೂ ಬಿಡದೆ ಕೇಳಿಸುವಂತೆ ಮಾಡಿದ್ದೇ ಆ ಯಂತ್ರ. ಕೇಳಿಸಿದ್ದು ಆ ಮಾತು.

ಮರುದಿನ ಊಟದ ಬಿಡುವಿನಲ್ಲಿ ಅವಳನ್ನು ಬೇವಿನ ಗಿಡದ ಕೆಳಗೆ ಕರೆದೆ. ಎದುರಿಗೆ ನಿಂತು, ತುಟಿ ಕಾಣುವಂತೆ ನಿಧಾನವಾಗಿ, “ಅವತ್ತು ನಾ ಒಳಗ ಏನೋ ಅಂದೆ. ನೀ ಕೇಳಿಸ್ಕೊಂಡಿ ಹೌದಲ್ಲ? ತಪ್ಪಾತು ನಂದು,” ಅಂದೆ. ಅವಳು ನನ್ನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡು ತನ್ನ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಬರೆದಳು: ‘ನನಗ ಏನೂ ಕೇಳಿಲ್ರಿ.’ ಅಕ್ಷರ ಒಂದೂ ತಪ್ಪಿರಲಿಲ್ಲ. ಪೆನ್ನನ್ನು ವಾಪಸು ಕೊಟ್ಟು ನೀರಿನ ನಲ್ಲಿಯ ಕಡೆ ಹೋದಳು.

ಹತ್ತನೆಯ ತರಗತಿಯಲ್ಲಿ ನಾನು ಪ್ರತಿದಿನ ಮೈಕು ಹಾಕಿಕೊಂಡೆ. ಹಾಕಿಕೋ ಅಂದರೆ ಅವಳೂ ತನ್ನ ತುಂಡುಗಳನ್ನು ಹಾಕಿಕೊಳ್ಳುತ್ತಿದ್ದಳು, ಬೇಡವೆನ್ನುತ್ತಿರಲಿಲ್ಲ. ಹಿಂದೆ ನಿಂತು ಕರೆದರೆ ತಿರುಗುತ್ತಿರಲಿಲ್ಲ. ಒಂದು ದಿನ ಹತ್ತಿರ ಹೋಗಿ ನೋಡಿದೆ, ಶ್ರವಣಯಂತ್ರವನ್ನೇ ಬಂದ್ ಮಾಡಿಕೊಂಡಿದ್ದಳು. ಅಜ್ಜಿಯ ಮನೆಗೂ ಹೋದೆ. ಆ ಮುದುಕಿ ಚಹಾ ಮಾಡಿ ಕೊಟ್ಟು, “ಮದಲ ಮನ್ಯಾಗರೆ ಮಾತಾಡ್ತಿತ್ತರಿ ಕೂಸು. ಈಗ ನನ್ನ ಕೂಡನೂ ಇಲ್ಲ. ಸಾಲ್ಯಾಗ ಮಾತಾಡ್ತೈತೇನ್ರಿ?” ಎಂದು ಕೇಳಿದರು. “ಹೌದ್ರಿ, ಮಾತಾಡ್ತಾಳ,” ಅಂದುಬಿಟ್ಟೆ. ನಿಜ ಹೇಳುವ ಧೈರ್ಯ ಆ ಮನೆಯಲ್ಲೂ ನನಗೆ ಬರಲಿಲ್ಲ.

ಅವಳು ಎರಡು ವಿಷಯಗಳಲ್ಲಿ ನಪಾಸಾದಳು. ಕನ್ನಡದಲ್ಲಿ ಪಾಸಾಗಿದ್ದಳು. ಮತ್ತೆ ಪರೀಕ್ಷೆ ಕಟ್ಟಲು ಹೇಳಿ ಕಳಿಸಿದರೆ, ಗಜೇಂದ್ರಗಡದಲ್ಲಿ ಅವಳ ಸೋದರತ್ತೆ ಇದ್ದಾಳೆ, ಅಲ್ಲಿಗೆ ಹೋದಳು ಎಂದು ತಿಳಿಯಿತು.

ಹೋದ ವರ್ಷ ನಾದಿನಿಯ ಮಗಳ ಮದುವೆಗೆ ಸೀರೆ ತರಲು ಗಜೇಂದ್ರಗಡಕ್ಕೆ ಹೋಗಿದ್ದೆ. ನೇಯುವವರ ಮನೆಯಲ್ಲೇ ಕೊಂಡರೆ ಚೆನ್ನಾಗಿರುತ್ತದೆಂದು ಒಂದು ಓಣಿಗೆ ಹೊಕ್ಕೆ. ಪಡಸಾಲೆಯಲ್ಲಿ ನಾಲ್ಕು ಮಗ್ಗ, ಕಿವಿಗಡಚಿಕ್ಕುವ ಸಪ್ಪಳ. ಮೂಲೆಯಲ್ಲಿ ಚರಕದ ಮುಂದೆ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ಅವಳೇ. ಕಿವಿಯ ಹಿಂದೆ ಏನೂ ಇರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತು ಕೈಮುಗಿದಳು. ಗುರುತು ಹತ್ತಿತೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಹೌದೆಂದು ತಲೆಯಾಡಿಸಿ, ಒಳಗಿನಿಂದ ಒಂದು ತಂಬಿಗೆ ನೀರು ತಂದುಕೊಟ್ಟು, ತಿರುಗಿ ಚರಕಕ್ಕೆ ಕೂತಳು.

ಮನೆಯಾಕೆ ಸೀರೆಗಳನ್ನು ಬಿಡಿಸುತ್ತಾ ನನ್ನ ಕಡೆ ಬಾಗಿದಳು. “ನಿಮಗ ಪರಿಚಯದಾಕಿ ಏನ್ರಿ? ಭಾಳ ಚಲೋ ಕೆಲಸ. ಪಾಪ, ಹುಟ್ಟಾ ಮೂಕಿ.”

“ಮೂಕಿ ಅಲ್ರಿ,” ಅಂದೆ. “ಮಾತಾಡ್ತಾಳ ಆಕಿ.”

ಮನೆಯಾಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. “ಎರಡು ವರ್ಷಾತ್ರಿ ಇಲ್ಲಿ ಬರಾಕ ಹತ್ತಿ. ಒಂದು ಮಾತೂ ಆಡಿಲ್ಲ. ಯಾರ ಹೇಳಿದ್ರು ನಿಮಗ?”

ನಾನು ಕೆಂಪು ದಡಿಯದೊಂದು ಸೀರೆ ಆರಿಸಿದೆ, ಆಕೆ ಅದನ್ನು ಮಡಚಿ ಕೊಟ್ಟಳು. ಹೊರಡುವಾಗ ಮೂಲೆಯ ಕಡೆ ನೋಡಿದೆ. ಅವಳು ಎಳೆ ತುಂಡಾದದ್ದನ್ನು ಗಂಟು ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ರೋಣದ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ನಿಲ್ದಾಣಕ್ಕೆ ನಡೆದು ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕೂತೆ.