ಎಮ್ಮೆದೊಡ್ಡಿ ಕಾವಲಿನ ಕರು

ಯುಗಾದಿ ಕಳೆದ ಮೊದಲ ಭಾನುವಾರ, ಮಗಳಿಗೆ ಅಮೃತಮಹಲ್ ದನ ತೋರಿಸಲೆಂದು ಕಡೂರಿನಿಂದ ಅವು ಮೇಯುವ ಎಮ್ಮೆದೊಡ್ಡಿ ಕಾವಲಿಗೆ ಬಂದೆವು. ಬಿಸಿಲಲ್ಲಿ ಸುತ್ತಿ ಮೂವರೂ ದಣಿದಿದ್ದೆವು. ಹೊಸ ಚಿಗುರು ಬಂದಿದ್ದ ಹೊಂಗೆ ಮರದ ಕೆಳಗೆ ನಾನು ಜಮಖಾನ ಹಾಸಿದೆ, ಹೆಂಡತಿ ಚಿತ್ರಾನ್ನದ ಡಬ್ಬಿ ತೆರೆದಳು. ಅಷ್ಟರಲ್ಲಿ ನಾಲ್ಕು ವರ್ಷದ ಮಗಳು ಪೊದೆಯ ಪಕ್ಕ ಮಲಗಿದ್ದ ಕರುವಿನ ಬಳಿ ಹೋಗಿ ಕೂತಿದ್ದಳು. ತಾಯಿ ಹಸು ಕೊಂಬು ತಗ್ಗಿಸಿಕೊಂಡು ಅವಳತ್ತ ಬರುತ್ತಿತ್ತು.

ನಾನು ಎದ್ದು ಓಡಲು ಹೊರಟೆ.

“ಓಡ್‌ಬ್ಯಾಡಿ ಸಾರ್, ಓಡಿದ್ರೆ ಹಾಯ್ತದೆ,” ಎಂದು ದನ ಕಾಯುತ್ತಿದ್ದ ಮುದುಕರು ದೂರದಿಂದ ಕೂಗಿದರು. “ಪಾಪು, ನೀನು ಅಲ್ಲೇ ಕೂತಿರವ್ವ.”

ಆಮೇಲೆ ರಾಗವಾಗಿ, “ಗಂಗೇ, ಬಾರೇ,” ಎಂದು ಕರೆದರು. ಹಸುವನ್ನು ಕರೆಯುತ್ತಿದ್ದಾರೆ ಎಂದುಕೊಂಡೆ. ಹಸು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಎದ್ದು ಅವರತ್ತ ಓಡಿದ್ದು ಕರು. ಹಸು ಮಗಳ ಎದುರು ಒಂದು ಕ್ಷಣ ನಿಂತಿತು. ಅವಳ ತಲೆಯನ್ನು ಮೂಸಿತು. ನಂತರ ತಿರುಗಿ ಕರುವಿನ ಹಿಂದೆ ಹೋಯಿತು.

“ನಮ್ಮಲ್ಲಿ ಕರೂಗೂ ಅವ್ವನ ಹೆಸ್ರೇ ಸಾರ್,” ಎಂದರು ಮುದುಕರು. “ಸಿಟ್ಟು ಬಂದಾಗ ಅವ್ವ ಯಾರ ಮಾತೂ ಕೇಳಲ್ಲ. ಕರು ಕೇಳ್ತದೆ. ಹೋಗಿ ಉಣ್ಣಿ, ಇನ್ನೇನಾಗಲ್ಲ.”

ಯಾರಿಗೂ ಊಟ ಸೇರಲಿಲ್ಲ. ಡಬ್ಬಿ ಮುಚ್ಚಿ ಹೊರಟೆವು.

“ಅಮ್ಮ, ಕೈ ನೋಯ್ತೈತೆ, ಬಿಡು,” ಎಂದಳು ಮಗಳು.

“ಕಾರ್ ಹತ್ರ ಹೋಗೋವರ್ಗೂ ತಾಳು,” ಎಂದಳು ಹೆಂಡತಿ.

ಕಾರಿನಲ್ಲಿ ಕೂತು ನಾನು ಇದನ್ನು ಬರೆಯುತ್ತಿರುವಾಗಲೂ ಆ ಪುಟ್ಟ ಕೈ ಅವಳಮ್ಮನ ಮುಷ್ಟಿಯಲ್ಲೇ ಇದೆ.