ಹಳೇಬೀಡಿನಲ್ಲಿ ಒಂದು ಹಿತ್ತಿಲ ಗೋಡೆ

ಅರಸೀಕೆರೆಯಲ್ಲಿ ರೈಲು ಇಳಿದ ಕೂಡಲೇ ನಾನು ನೋಡಿದ್ದು ಆಕಾಶವನ್ನು. ಪಶ್ಚಿಮಕ್ಕೆ ಮೋಡ ಕಟ್ಟಿತ್ತು, ಆದರೆ ಪ್ಲಾಟ್‌ಫಾರ್ಮ್ ಇನ್ನೂ ಒಣಗಿಯೇ ಇತ್ತು. ಬೆಂಗಳೂರಿನಿಂದ ನಾನು ಹೊರಟಿದ್ದು ಗುಡಿ ನೋಡುವುದಕ್ಕಲ್ಲ, ಒಂದು ಗೋಡೆಗಾಗಿ. ಹಳೇಬೀಡಿನಲ್ಲಿರುವ ನನ್ನ ನಾದಿನಿ ಕಮಲ ಫೋನಿನಲ್ಲಿ ಹೆಚ್ಚು ಮಾತಾಡಿರಲಿಲ್ಲ. "ಅತ್ತಿಗೆ, ಗುರುವಾರ ಪುರಾತತ್ವ ಇಲಾಖೆಯವರು ಗೋಡೆ ನೋಡೋಕೆ ಬರ್ತಾರೆ. ನೀವು ಇಂಗ್ಲಿಷ್ ಮಾತಾಡ್ತೀರಲ್ಲ, ಬಂದು ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು" ಎಂದಿದ್ದಳು.

ಕಮಲನ ಮನೆ ಇರುವುದು ಗುಡಿಯ ಹಿಂದಿನ ಬೀದಿಯಲ್ಲಿ. ಹೋದ ವರ್ಷದ ಮಳೆಗೆ ಅಡುಗೆಮನೆಯ ಹಿಂಬದಿಯ ಗೋಡೆ ಬಿತ್ತು. ಬೇರೆ ಊರಾದರೆ ಮಾರನೇ ದಿನ ಮೇಸ್ತ್ರಿಯನ್ನು ಕರೆದು ಕಟ್ಟಿಸುತ್ತಿದ್ದರು. ಇಲ್ಲಿ ಸಂರಕ್ಷಿತ ಸ್ಮಾರಕದ ನೂರು ಮೀಟರ್ ಒಳಗೆ ಹೊಸದೇನನ್ನೂ ಕಟ್ಟುವಂತಿಲ್ಲ, ಇದ್ದದ್ದನ್ನು ರಿಪೇರಿ ಮಾಡಿಸುವುದಕ್ಕೂ ಅನುಮತಿ ಬೇಕು. ಅದು ಬರುವಷ್ಟರಲ್ಲಿ ಮತ್ತೊಂದು ಮಳೆಗಾಲ ಬಾಗಿಲಿಗೆ ಬಂದಿತ್ತು. ಅದರಲ್ಲೂ ಷರತ್ತುಗಳು: ಅದೇ ಸಾಲು, ಅದೇ ಎತ್ತರ, ಹೊಸ ಪಾಯ ತೋಡಬಾರದು, ಅಧಿಕಾರಿ ಬಂದು ನೋಡಿದ ಮೇಲೆಯೇ ಗೋಡೆ ಏಳಬೇಕು. ಅಲ್ಲಿಯ ತನಕ ಅಡುಗೆ ಮುಂದಿನ ಜಗಲಿಯಲ್ಲಿ, ಬೀದಿಯವರೆಲ್ಲರ ಕಣ್ಣೆದುರು.

ಬಸ್ ಸ್ಟ್ಯಾಂಡಿನಲ್ಲಿ ಒಂದು ಎಳನೀರು ಕುಡಿದೆ. ಊರು ತುಂಬ ಕೊಬ್ಬರಿಯ ವಾಸನೆ ಮೊದಲಿನ ಹಾಗೆಯೇ ಇದೆ. ಬಾಣಾವರ, ಜಾವಗಲ್ ಮೇಲೆ ಹೋಗುವ ಕೆಂಪು ಬಸ್ಸು ಸಿಕ್ಕಿತು. ಹೆಂಗಸರಿಗೆ ಟಿಕೆಟ್ ಫ್ರೀ. ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನೀವೇನಾ ಅಜ್ಜಿ? ಎದುರಿಗೇ ವಾಸಿ ಇದೀರ!" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ವಾಟ್ ಎ ಕಾಂಪ್ಲಿಮೆಂಟ್.

ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲ್ಲಿಗೆ, ಯಾಕೆ ಎಂದೆಲ್ಲ ವಿಚಾರಿಸಿಕೊಂಡಳು. ಗೋಡೆಯ ವಿಷಯ ಹೇಳಿದೆ.

"ಗುಡಿ ಹತ್ರನಾ? ಅಯ್ಯೋ, ನಮ್ಮ ಚಿಕ್ಕವ್ವನ ಮನೇನೂ ಅಲ್ಲೇ ಐತೆ ಕಣಮ್ಮ. ಹೆಂಚು ಇಳಿಸಿ ಶೀಟ್ ಹಾಕ್ಬೇಕು ಅಂದ್ರೂ ಕೇಳ್ಬೇಕಂತೆ. ಮಗನ ಮದ್ವೆಗೆ ಒಂದು ರೂಮು ಎತ್ತಿಸಿದ್ರು, ಕೆಡವಿ ಅಂತ ನೋಟೀಸು ಬಂತು. ಸೊಸೆ ಬಂದೋಳು ಅಡುಗೆಮನೇಲಿ ಮಲಗೋದಾ?"

ನನಗೆ ಅವಳ ಮಾತೂ ಸರಿ ಎನಿಸಿತು, ಕಾನೂನೂ ಸರಿ ಎನಿಸಿತು. ಕಮಲನ ಮದುವೆಗೆ ನಾನು ಮೊದಲ ಸಲ ಹಳೇಬೀಡಿಗೆ ಬಂದಾಗ ಗುಡಿಗೆ ಸರಿಯಾದ ಬೇಲಿ ಇರಲಿಲ್ಲ. ಕೆತ್ತನೆಯ ಕಲ್ಲುಗಳ ಮೇಲೆ ಸೀರೆ ಒಣಗುತ್ತಿದ್ದವು. ನಮ್ಮ ಯಜಮಾನರು ನನ್ನ ಕೈ ಹಿಡಿದು, ಯಾರೂ ನೋಡದಂತೆ ಬೇಗ ಬಿಟ್ಟು, ಬೆಳದಿಂಗಳಲ್ಲಿ ಗುಡಿಯನ್ನು ಸುತ್ತಿಸಿದ್ದರು. ಹಾಗೆಯೇ ಬಿಟ್ಟಿದ್ದರೆ ಇವತ್ತು ಗುಡಿಯ ಗೋಡೆಗೆ ಒರಗಿ ಲಾಡ್ಜುಗಳೇ ನಿಲ್ಲುತ್ತಿದ್ದವೇನೋ. ಬಟ್, ಜಗಲಿಯಲ್ಲಿ ಅನ್ನ ಬೇಯಿಸುವವಳಿಗೆ ಇದನ್ನು ಹೇಗೆ ಹೇಳುವುದು?

ಕಮಲ ನನಗೆ ಕಾಫಿಯನ್ನೂ ಕೊಡದೆ ನೇರ ಹಿತ್ತಿಲಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ಮಗ ಮಂಜು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನು ಬೇಲೂರಿನ ಒಂದು ಸೊಸೈಟಿಯಲ್ಲಿ ಗುಮಾಸ್ತ, ಎರಡು ದಿನ ರಜೆ ಹಾಕಿದ್ದ.

"ನೋಡಿ ಅತ್ತೆ, ನಿಮ್ಮ ನಾದಿನಿ ಮಾಡಿರೋ ಕೆಲಸ" ಎಂದ.

ಬಟ್ಟೆ ಒಗೆಯುವ ಕಲ್ಲು ಮಗುಚಿ ಬಿದ್ದಿತ್ತು. ನೀರು ಹೋಗುವ ದಾರಿ ಬಿಡಿಸಲು ಮೇಸ್ತ್ರಿ ಬೆಳಿಗ್ಗೆ ಅದನ್ನು ಎಬ್ಬಿಸಿದ್ದನಂತೆ. ಕೆಳಮುಖದಲ್ಲಿ ಮೂರು ಆನೆಗಳು, ಒಂದರ ಹಿಂದೆ ಒಂದು. ಮಧ್ಯದ್ದು ಸೊಂಡಿಲಿನಿಂದ ಮುಂದಿನದರ ಬಾಲ ಹಿಡಿದಿತ್ತು. ಮಣ್ಣಿನಲ್ಲಿ ಹುದುಗಿದ್ದರಿಂದ ಕೆತ್ತನೆ ನಿನ್ನೆ ಮಾಡಿದಷ್ಟು ಚೂಪಾಗಿತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮೂರೂ ಆನೆಗಳ ಹಣೆಗೆ ಅರಿಶಿನ ಕುಂಕುಮ, ಮುಂದೆ ಊದುಬತ್ತಿ, ಎರಡು ಬಾಳೆಹಣ್ಣು!

"ನಮ್ಮತ್ತೆ ಈ ಕಲ್ಲನ್ನ ಬೋರಲು ಹಾಕಿದ್ದು ಯಾಕೆ ಅಂತ ಈಗ ಗೊತ್ತಾಯ್ತು ಅತ್ತಿಗೆ" ಎಂದಳು ಕಮಲ. "ಮುಖದ ಮೇಲೆ ಒಗೀಬಾರ್ದು ಅಂತ. ಗಣಪತಿ ಮುಖ ಕಂಡ ಮೇಲೆ ಕುಂಕುಮ ಇಡ್ದೆ ಹ್ಯಾಗೆ ಬಿಡ್ಲಿ?"

"ಅದು ಗಣಪತಿ ಅಲ್ಲಮ್ಮ, ಆನೆ!" ಮಂಜು ಹಲ್ಲು ಕಚ್ಚಿದ. "ಆಗ್ಲೇ ಪಕ್ಕದಮನೆ ಗೌರಮ್ಮ ಕರ್ಪೂರ ತಗೊಂಡು ಬಂದಿದ್ರು ಅತ್ತೆ. ಇನ್ನೆರಡು ದಿನ ಬಿಟ್ರೆ ಇಲ್ಲೇ ಮಂಗಳಾರತಿ ಶುರು ಮಾಡ್ತಾರೆ. ಅಧಿಕಾರಿ ನೋಡಿದ್ರೆ ಹಿತ್ತಿಲೆಲ್ಲ ಅಗೀಬೇಕು ಅಂತಾರೆ. ಗೋಡೆ ಮರೆತುಬಿಡಿ. ಈಗಲೇ ಒಂದು ಆಪೆ ಗಾಡಿ ತರಿಸಿ ಕೆರೆಗೆ ಹಾಕಿಬಿಡ್ತೀನಿ."

"ಮಗನೇ, ಹಾಕು ನೋಡೋಣ. ಅದರ ಜೊತೆ ನನ್ನನ್ನೂ ಹಾಕು" ಎಂದಳು ಕಮಲ, ದನಿ ಏರಿಸದೆ.

ಕೊನೆಗೆ ಒಂದು ಕಾಂಪ್ರಮೈಸ್ ಆಯಿತು. ಸತ್ಯವಾಗಿ ಹೇಳಬೇಕೆಂದರೆ ಅದನ್ನು ಸೂಚಿಸಿದವಳು ನಾನೇ. ಕಲ್ಲು ಇದ್ದಲ್ಲೇ ಇರಲಿ, ಮೇಲೆ ಖಾಲಿ ಸಿಮೆಂಟ್ ಚೀಲ ಹೊದಿಸೋಣ, ಗೋಡೆ ಪಾಸಾದ ಮೇಲೆ ನಿಧಾನವಾಗಿ ಇಲಾಖೆಗೆ ತಿಳಿಸೋಣ. ಕಮಲ ಒಪ್ಪಿದಳು. ಚೀಲ ಹೊದಿಸುವ ಮುಂಚೆ ಆನೆಗಳಿಗೆ ಕೈ ಮುಗಿದು, "ಒಂದು ದಿನ ತಡ್ಕೊಳ್ಳಪ್ಪ" ಎಂದಳು.

ಗುರುವಾರ ಬೆಳಗ್ಗೆಯಿಂದಲೇ ಗಾಳಿ. ಜಗಲಿಯಲ್ಲಿ ಸ್ಟೌ ನಿಲ್ಲುತ್ತಿರಲಿಲ್ಲ. ಉಪ್ಪಿಟ್ಟು ಆಗುವಷ್ಟರಲ್ಲಿ ಕಮಲನ ಕೈ ಎರಡು ಕಡೆ ಸುಟ್ಟಿತ್ತು. ಹನ್ನೊಂದರ ಸುಮಾರಿಗೆ ಅಧಿಕಾರಿ ಬಂದರು. ನಾವು ಕಾದಿದ್ದು ಯಾರೋ ದೊಡ್ಡ ಸಾಹೇಬರನ್ನು. ಬಂದದ್ದು ಸ್ಕೂಟರಿನಲ್ಲಿ, ಹೆಲ್ಮೆಟ್ ಹಾಕಿಕೊಂಡ ಚಿಕ್ಕ ಪ್ರಾಯದ ಹುಡುಗಿ. ನಾನು ಇಸ್ತ್ರಿ ಸೀರೆ ಸರಿಮಾಡಿಕೊಂಡು ಎದ್ದು ನಿಂತೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಎಲೊಕ್ಯೂಷನ್ ಎಲ್ಲ ಒಟ್ಟುಗೂಡಿಸಿ, ಗುಡ್ ಮಾರ್ನಿಂಗ್, ವಿ ಆರ್ ಮೋಸ್ಟ್ ಗ್ರೇಟ್‌ಫುಲ್ ಎಂದು ಶುರುಮಾಡಿದೆ.

ಆಕೆ ನಕ್ಕರು. "ಕನ್ನಡದಲ್ಲೇ ಹೇಳಿ ಅಮ್ಮ. ನಮ್ಮೂರು ಇಲ್ಲೇ ಮಾದಿಹಳ್ಳಿ."

ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಮಂಜು ಬಿದ್ದ ಗೋಡೆಯ ಕಡೆ ತಿರುಗಿ ನೋಡುವ ನೆಪದಲ್ಲಿ ನಗು ನುಂಗಿಕೊಂಡ.

ಆಕೆ ಟೇಪು ಹಿಡಿದು ಅಳೆದರು, ಹಳೆಯ ಪಾಯದ ಕಲ್ಲುಗಳ ಫೋಟೋ ತೆಗೆದರು, ಎಲ್ಲ ಸರಿಯಿದೆ ಎಂಬಂತೆ ತಲೆಯಾಡಿಸಿದರು. ಮಂಜುವಿನ ಮುಖ ಸಡಿಲವಾಯಿತು. ನಾನು ಸಿಮೆಂಟ್ ಚೀಲದ ಕಡೆ ನೋಡಬಾರದು ಎಂದುಕೊಂಡು ತೆಂಗಿನ ಮರ ನೋಡುತ್ತ ನಿಂತೆ. ಕಮಲ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

"ಛಾವಣಿ ಕೂರೋ ಎತ್ತರದ್ದು ಒಂದು ಫೋಟೋ ಬೇಕಿತ್ತು" ಎಂದು ಆಕೆ ಹಿಂದೆ ಸರಿದರು. ಎತ್ತರಕ್ಕೆ ನಿಲ್ಲಲು ಏನಾದರೂ ಬೇಕಿತ್ತು. ಚೀಲ ಹೊದ್ದ ಕಲ್ಲು ಕಂಡಿತು. ಚಪ್ಪಲಿ ಕಾಲನ್ನು ಎತ್ತಿದರು.

"ಅಮ್ಮಾ, ಮೆಟ್ಬೇಡಿ!"

ಕಮಲನ ಕೂಗಿಗೆ ಪಕ್ಕದಮನೆಯ ಹಿತ್ತಿಲ ಬಾಗಿಲು ತೆರೆಯಿತು. ಅಧಿಕಾರಿ ಕಾಲನ್ನು ಗಾಳಿಯಲ್ಲೇ ನಿಲ್ಲಿಸಿ ಕಮಲನನ್ನು ನೋಡಿದರು, ಮಂಜುವನ್ನು ನೋಡಿದರು, ಆಮೇಲೆ ಬಗ್ಗಿ ಚೀಲ ಎತ್ತಿದರು. ಕುಂಕುಮ ಇನ್ನೂ ಹಸಿಯಾಗಿತ್ತು. ಅಷ್ಟರಲ್ಲಿ ಗೌರಮ್ಮ ಬೇಲಿಯಾಚೆಯಿಂದ, "ಏನ್ ಕಮಲಮ್ಮ, ಮೇಡಮ್ಮೋರಿಗೆ ಪ್ರಸಾದ ಕೊಟ್ರಾ?" ಎಂದು ಕೇಳಿದರು. ಮಂಜು ಕಣ್ಣು ಮುಚ್ಚಿಕೊಂಡ.

"ಯಾಕೆ ಮುಚ್ಚಿಟ್ರಿ?" ಅಧಿಕಾರಿಯ ದನಿ ಗಟ್ಟಿಯಾಗಿತ್ತು.

ಕಮಲ ಮುಂದೆ ಬಂದಳು. "ಹೇಳಿದ್ರೆ ಗೋಡೆ ಕಟ್ಟೋಕೆ ಬಿಡ್ತಿರಲಿಲ್ಲ."

"ಈಗ ಬಿಡ್ತೀನಿ ಅಂತ ಯಾರು ಹೇಳಿದ್ರು?"

"ಬಿಡಬೇಡಿ" ಎಂದಳು ಕಮಲ. "ಆದ್ರೆ ಅದನ್ನ ಮೆಟ್ಟಬೇಡಿ."

ಆಕೆ ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಬಂದು, ಕೆಲಸ ನಿಲ್ಲಿಸಬೇಕೆಂದರು. ಮಾರನೇ ದಿನ ಮೇಲಿನವರು ಬೇಲೂರಿಗೆ ಬರುತ್ತಾರೆ, ಬಂದು ಕಾಣಿ ಎಂದರು. ಹೋಗುವಾಗ, "ಎಣ್ಣೆ ಗಿಣ್ಣೆ ಹಚ್ಚಬೇಡಿ ಮತ್ತೆ, ಕಲ್ಲು ಹಾಳಾಗತ್ತೆ" ಎಂದು ಸ್ಕೂಟರ್ ಹತ್ತಿದರು. ಸಂಜೆ ಇಲಾಖೆಯ ಒಂದು ಟೆಂಪೋ ಬಂತು. ನಾಲ್ಕು ಜನ ಹಗ್ಗ ಕಟ್ಟಿ ಕಲ್ಲನ್ನು ಏರಿಸಿಕೊಂಡರು. ಕಮಲ ಬೀದಿಯ ತಿರುವಿನ ತನಕ ಹಿಂದೆ ನಡೆದಳು. ಮಗಳನ್ನು ಕಳಿಸಿಕೊಟ್ಟ ಹಾಗಿತ್ತು. ಮೇಸ್ತ್ರಿ ಮಾತ್ರ ಖಡಾಖಂಡಿತವಾಗಿ ಹೇಳಿದ: ನಾಳೆ ಸಂಜೆಯೊಳಗೆ ಹೂಂ ಅನ್ನದಿದ್ದರೆ ಅರೇಹಳ್ಳಿಯಲ್ಲಿ ಬೇರೆ ಕೆಲಸ ಒಪ್ಪಿಕೊಳ್ಳುತ್ತಾನೆ, ಹೋದರೆ ಮಳೆ ಮುಗಿದ ಮೇಲೆಯೇ ಬರುವುದು.

ಶುಕ್ರವಾರ ನಾನೂ ಕಮಲನೂ ಬೇಲೂರಿಗೆ ಹೋದೆವು. ಹದಿನಾರು ಕಿಲೋಮೀಟರ್. ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತೆವು. ಒಳಗೆ ಕರೆದಾಗ ಮಾದಿಹಳ್ಳಿಯ ಹುಡುಗಿ ಕಿಟಕಿಯ ಬಳಿ ನಿಂತಿದ್ದರು. ಮೇಲಿನವರು ಕನ್ನಡಕದ ಮೇಲಿನಿಂದ ನೋಡಿ, "ಮುಚ್ಚಿಟ್ಟೋರೂ ನೀವೇ, ಕೂಗಿದೋರೂ ನೀವೇನಾ?" ಎಂದು ಕೇಳಿದರು.

"ಹೌದು ಸ್ವಾಮಿ."

ಗೋಡೆಯನ್ನು ಹಳೇ ಪಾಯದ ಮೇಲೆ ಕಟ್ಟಿಕೊಳ್ಳಬಹುದು ಎಂದರು. ಕಲ್ಲು ಇದ್ದ ಜಾಗದಲ್ಲಿ ಮಾತ್ರ ಒಂದು ಹಾರೆಯೂ ಬೀಳಬಾರದು, ಗಾರೆ ಹಾಕಬಾರದು, ಏನೂ ಕಟ್ಟಬಾರದು. ಕಮಲ ತಲೆಯಾಡಿಸಿ ಎದ್ದಳು. ಬಾಗಿಲ ತನಕ ಹೋಗಿ ತಿರುಗಿ, "ಬಟ್ಟೆ ಎಲ್ಲಿ ಒಗೀಲಿ?" ಎಂದು ಕೇಳಿದಳು. ಅವರು ಮುಂದಿನ ಫೈಲು ತೆರೆದರು. ಹೊರಗೆ ಬಂದ ಕೂಡಲೇ ಅವಳು ಮೇಸ್ತ್ರಿಗೆ ಫೋನ್ ಮಾಡಿದಳು. "ಅರೇಹಳ್ಳಿ ಗಿರೇಹಳ್ಳಿ ಏನೂ ಬೇಡ, ಬೆಳಿಗ್ಗೆ ನಮ್ಮನೇಲಿ ಇರ್ಬೇಕು ನೀನು" ಎಂದು ಗದರಿದಳು. ಮೂರು ದಿನದಲ್ಲಿ ಮೊದಲ ಸಲ ಅವಳ ದನಿ ಅವಳದಾಗಿತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಇಲ್ಲಿನ ಗುಡಿಗೆ ಹೋಗೋಣ ಎಂದಳು. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಕಾಲಿಗೆ ಕಲ್ಲು ತಣ್ಣಗೆ ಹತ್ತುತ್ತಿತ್ತು. ಒಬ್ಬ ಗೈಡ್ ಮೇಲಿನ ಮದನಿಕೆಯರನ್ನು ತೋರಿಸುತ್ತಿದ್ದ, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಕಮಲ ಮೇಲೆ ನೋಡಲೇ ಇಲ್ಲ. ಗೋಡೆಯ ತಳದಲ್ಲಿ ಸಾಲಾಗಿ ನಡೆಯುವ ಆನೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದೊಂದನ್ನೇ ನೋಡುತ್ತ ಸರಿದಳು. ಬಾಲ ಹಿಡಿದ ಒಂದು ಆನೆ ಕಂಡಿರಬೇಕು, ಕೈ ಚಾಚಿದಳು.

ಸೀಟಿ ಕೇಳಿತು. "ಏ ಅಜ್ಜಿ, ಮುಟ್ಬಾರ್ದು!" ಕಾವಲಿನವನು ಓಡಿಬಂದ.

ಕಮಲ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅವನ ಮುಖ ನೋಡಿ, ಬೇಸರವಿಲ್ಲದೆ ಹೇಳಿದಳು: "ಮದುವೆಯಾಗಿ ಬಂದಾಗಿಂದ ಇದರ ಬೆನ್ನ ಮೇಲೇ ಬಟ್ಟೆ ಒಗ್ದಿದೀನಿ ಕಣಪ್ಪ."

ಅವನಿಗೆ ಅರ್ಥವಾಗಲಿಲ್ಲ.

ಹೊರಗೆ ಬರುವಾಗ ಮೊದಲ ಹನಿಗಳು ಬಿದ್ದವು. ಅವಳಿಗೆ ಹಳೇಬೀಡಿನ ಬಸ್ಸು ಸಿಕ್ಕಿತು, ನನಗೆ ಹಾಸನದ್ದು. ನನ್ನ ಬಸ್ಸು ಹಗರೆ ದಾಟುವಾಗ ಕಿಟಕಿಯಲ್ಲಿ ಹೊಲ, ಮರ, ಮನೆ ಯಾವುದೂ ಕಾಣದಷ್ಟು ಮಳೆ. ಆದರೂ ನನಗೆ ಕಾಣುತ್ತಿದ್ದದ್ದು ಕಮಲ, ಬೇಲೂರಿನ ಸ್ಟ್ಯಾಂಡಿನಲ್ಲಿ ಅವಳನ್ನು ಕೊನೆಯದಾಗಿ ನೋಡಿದ ಹಾಗೆಯೇ: ಬಸ್ಸಿನ ಕಿಟಕಿಗೆ ಒರಗಿ, ಸುಟ್ಟ ಕೈಯನ್ನು ಹೊರಗೆ ಚಾಚಿ, ನನಗೆ ಬೀಸುವುದನ್ನೂ ಮರೆತು, ಹನಿ ಎಷ್ಟು ದಪ್ಪ ಎಂದು ನೋಡುತ್ತಿದ್ದಳು.